ದೀಪಾವಳಿಗೆಂದು ತೆಗೆದ ಫೋಟೊ, ಯುಗಾದಿಯ ಹೋರ್ಡಿಂಗ್

ರೇಷ್ಮೆ ಸೀರೆಯ ಫೋಟೊದಲ್ಲಿ ಕಷ್ಟವೆಲ್ಲ ಜರಿಯದು. ನೇರ ಬೆಳಕು ಬಿದ್ದರೆ ಬರೀ ಬಿಳಿಯ ಕಲೆ, ಬೆಳಕು ಕುಗ್ಗಿದರೆ ಚಿನ್ನ ಹೋಗಿ ಮಣ್ಣಿನ ಬಣ್ಣ. ಆ ಸಲ ಒಂದು ಗಿಳಿಹಸಿರು ಸೀರೆಗೆ ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿ, ಪಕ್ಕದಲ್ಲಿ ಥರ್ಮಾಕೋಲ್ ಹಾಳೆ ನಿಲ್ಲಿಸಿ, ನೆರಿಗೆಗಳನ್ನು ಗುಂಡುಪಿನ್ನುಗಳಿಂದ ಹಿಡಿದು ಮೂರು ಗಂಟೆ ಹೆಣಗಿದ್ದೆ. ಅಂಗಡಿಯವರು ಕೇಳಿದ್ದು ದೀಪಾವಳಿಯ ಕ್ಯಾಟಲಾಗಿಗೆ. ಒಂದು ದಿನದ ಸಂಭಾವನೆ ಫೋನಿನಲ್ಲೇ ಮಾತಾಯಿತು. ಹಣವೂ ಹೇಳಿದ ದಿನವೇ ಬಂತು.

ಐದು ತಿಂಗಳು ಕಳೆದು ಯುಗಾದಿಯ ಹೊತ್ತಿಗೆ ಬಸ್ಸಿನ ಕಿಟಕಿಯಿಂದ ಅದೇ ಸೀರೆ ಕಂಡಿತು. ಎರಡು ಅಂತಸ್ತಿನಷ್ಟು ಎತ್ತರದ ಹೋರ್ಡಿಂಗ್. ಕ್ಯಾಟಲಾಗಿನ ಅಳತೆಯಲ್ಲಿ ಕಣ್ಣಿಗೇ ಬೀಳದಿದ್ದ ಒಂದು ಪಿನ್ನಿನ ತಲೆ ಸೆರಗಿನ ಅಂಚಿನಲ್ಲಿ ಅಂಗೈಯಗಲ ಹೊಳೆಯುತ್ತಿತ್ತು. ಮುಂದೆ ಅದೇ ಚಿತ್ರ ಅಂಗಡಿಯ ಕೈಚೀಲಗಳ ಮೇಲೆ, ಬೇರೆ ಊರಿನ ಹೊಸ ಶಾಖೆಯ ಗೋಡೆಯ ಮೇಲೆ ಬಂತು.

ಕೇಳಲು ಹೋದೆ. ಮಾಲೀಕರು ಕಾಫಿ ತರಿಸಿ, "ಬಡಗಿಗೆ ಕುರ್ಚಿಯ ದುಡ್ಡು ಒಂದೇ ಸಲ ಕೊಡುತ್ತೇವೆ. ಕುಳಿತಾಗಲೆಲ್ಲ ಕೊಡುತ್ತೇವೆಯೇ, ನೀವೇ ಹೇಳಿ" ಎಂದರು. ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಕಾಯ್ದೆ ಓದಿದಾಗ ಅವರ ಪಕ್ಷ ಇನ್ನಷ್ಟು ಗಟ್ಟಿಯಾಗಿ ಕಂಡಿತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆಯರು ತೆಗೆಸಿದವರೇ. ಬೇರೆ ಒಪ್ಪಂದವಿದ್ದರೆ ಮಾತ್ರ ಬದಲು. ಬ್ರಿಟಿಷರ 1911ರ ಕಾಯ್ದೆಯಲ್ಲೂ ಇಂಥದೇ ನಿಯಮವಿತ್ತು. ಅವರು 1988ರ ಹೊಸ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟು ಒಡೆತನವನ್ನು ಛಾಯಾಗ್ರಾಹಕನಿಗೆ ಕೊಟ್ಟರು. ನಮ್ಮಲ್ಲಿ ಅದು ಇನ್ನೂ ಹಾಗೆಯೇ ಇದೆ. 2012ರ ತಿದ್ದುಪಡಿ ಸಿನಿಮಾ ಹಾಡಿನ ಕವಿಗೂ ಸಂಗೀತ ಸಂಯೋಜಕನಿಗೂ ಬಿಟ್ಟುಕೊಡಲಾಗದ ರಾಯಲ್ಟಿಯ ಪಾಲು ಕೊಟ್ಟಿತು. ಫೋಟೊ ತೆಗೆಯುವವರಿಗೆ ಅಂಥದ್ದೇನನ್ನೂ ಕೊಡಲಿಲ್ಲ. ನಮಗೆ ಉಳಿದಿರುವುದು 57ನೇ ಸೆಕ್ಷನ್: ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ಹೆಸರಿಗೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕು.

ಕುರ್ಚಿಯ ಮಾತು ಬಹಳ ದಿನ ಕೊರೆಯಿತು. ಒಂದು ಕುರ್ಚಿ ಏಕಕಾಲಕ್ಕೆ ಹುಬ್ಬಳ್ಳಿಯಲ್ಲೂ ದಾವಣಗೆರೆಯಲ್ಲೂ ಇರಲಾರದು; ಎರಡನೆಯ ಅಂಗಡಿಗೆ ಎರಡನೆಯ ಕುರ್ಚಿ ಬೇಕು, ಬಡಗಿಗೆ ಎರಡನೆಯ ಕೂಲಿ ಸಿಗುತ್ತದೆ. ಫೋಟೊ ಹಾಗಲ್ಲ. ನೂರು ಕಡೆ ದುಡಿದರೂ ಕೂಲಿ ಒಂದೇ ದಿನದ್ದು. ಹಾಗೆಂದು ಎಲ್ಲ ಕೆಲಸಕ್ಕೂ ಕೊನೆಯಿಲ್ಲದ ರಾಯಲ್ಟಿ ಬೇಕೆಂದು ನಾನು ವಾದಿಸುವುದಿಲ್ಲ. ಮದುವೆಯ ಫೋಟೊ ಆ ಮನೆಯವರದು. ಅಜ್ಜಿಯ ಚಿತ್ರಕ್ಕೆ ಹಾರ ಹಾಕುವಾಗ ನನ್ನ ಅನುಮತಿ ಕೇಳಬೇಕೆಂದರೆ ಅದು ಅನ್ಯಾಯ. ಆದರೆ ಫೋಟೊ ವ್ಯಾಪಾರಕ್ಕೆ ದುಡಿಯುತ್ತಿದ್ದರೆ, ಮಾತಾಡಿಕೊಂಡದ್ದಕ್ಕಿಂತ ಹೆಚ್ಚಾಗಿ ದುಡಿಯುತ್ತಿದ್ದರೆ, ಹೊಸ ಬಳಕೆಗೆ ಹೊಸ ಸಂಭಾವನೆ ಸಲ್ಲಲೇಬೇಕು.

ಈಗ ಕ್ಯಾಮೆರಾ ಚೀಲದಿಂದ ತೆಗೆಯುವ ಮೊದಲೇ ಒಂದು ಪುಟದ ಒಪ್ಪಂದಕ್ಕೆ ಇಬ್ಬರ ಸಹಿ ಬೀಳುತ್ತದೆ. ಕೃತಿಸ್ವಾಮ್ಯ ನನ್ನದು, ಬಳಕೆ ಎಲ್ಲೆಲ್ಲಿ, ಎಷ್ಟು ಕಾಲ, ಯಾವ ಪ್ರದೇಶದಲ್ಲಿ ಎಂಬುದು ಅದರಲ್ಲಿರುತ್ತದೆ. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಇಡೀ ಭಾರತ ಎಂದು 19ನೇ ಸೆಕ್ಷನ್ ಎಣಿಸುತ್ತದೆ. ಆದ್ದರಿಂದ ಆ ಎರಡು ಜಾಗಗಳನ್ನು ಖಾಲಿ ಬಿಡುವುದಿಲ್ಲ. ಕೆಲವರು ಹಾಳೆ ನೋಡಿದ ಕೂಡಲೇ ಬೇರೆಯವರನ್ನು ಹುಡುಕಿಕೊಂಡು ಹೋದರು. ಅಂಥ ತಿಂಗಳುಗಳಲ್ಲಿ ಸ್ಟುಡಿಯೊದ ಬಾಡಿಗೆ ಕಟ್ಟುವುದು ಕಷ್ಟವಾಗಿದೆ.

ಆ ಸೀರೆ ಅಂಗಡಿಯ ಮಾಲೀಕರೇ ಕಳೆದ ವರ್ಷ ಮತ್ತೆ ಕರೆದರು. ಹಾಳೆಯನ್ನು ಎರಡು ಸಲ ಓದಿ, "ಹೋರ್ಡಿಂಗ್‌ಗೆ ಪ್ರತ್ಯೇಕ ದರ" ಎಂಬ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎರಡು ವರ್ಷಕ್ಕೆ ಎಷ್ಟಾಗುತ್ತದೆ, ಲೆಕ್ಕ ಹಾಕಿ" ಎಂದರು.