ಕೊಕ್ಕರೆ ಬೆಳ್ಳೂರಿಗೆ ಹೋಗುವವರು ಬೈಪಾಸ್ ಬಸ್ ಹತ್ತಬೇಡಿ

ಹಕ್ಕಿಗಳ ಫೋಟೊ ತೆಗೆಯಲು ಮದ್ದೂರು ಕಡೆಯ ಕೊಕ್ಕರೆ ಬೆಳ್ಳೂರಿಗೆ ಬೆಳಗ್ಗೆ ಏಳೂವರೆಗೆ ತಲುಪಬೇಕಿದ್ದವಳು ತಲುಪಿದ್ದು ಹತ್ತೂಮುಕ್ಕಾಲಿಗೆ. ಮಾರ್ಚ್ ತಿಂಗಳ ಬಿಸಿಲು ಅಷ್ಟು ಹೊತ್ತಿಗೆ ಚುರುಗುಟ್ಟುತ್ತಿತ್ತು. ಹಕ್ಕಿಗಳ ಬಿಳಿ ಗರಿ ಫೋಟೊದಲ್ಲಿ ಬರೀ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ಇದಕ್ಕೆಲ್ಲ ಕಾರಣ ಒಂದು ಬಸ್ಸು. ನೀವೂ ಅದೇ ತಪ್ಪು ಮಾಡಬಾರದು ಅಂತ ಮೊದಲು ಅದನ್ನೇ ಬರೆಯುತ್ತೇನೆ.

ಮೈಸೂರಿನಲ್ಲಿ ಐದೂವರೆಗೆ ಬೆಂಗಳೂರಿನ ಬಸ್ ಹತ್ತುವಾಗ "ಮದ್ದೂರು ಹೋಗತ್ತಾ?" ಎಂದು ಕೇಳಿದ್ದೆ. ಬಾಗಿಲಲ್ಲಿ ನಿಂತವರು "ಹತ್ತಿ, ಹತ್ತಿ" ಎಂದರು. ಶ್ರೀರಂಗಪಟ್ಟಣ ದಾಟಿದ ಮೇಲೆ ಟಿಕೆಟ್ ಕೊಡಲು ಬಂದ ಕಂಡಕ್ಟರ್, ಇದು ಊರೊಳಗೆ ಹೋಗುವ ಗಾಡಿ ಅಲ್ಲ, ಬೈಪಾಸ್‌ನಲ್ಲಿ ಇಳಿಸ್ತೀನಿ ಎಂದರು. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ ಎಲ್ಲವೂ ಪಕ್ಕಕ್ಕೆ ಉಳಿದಿವೆ. ಬೇಗ ಹೋಗುವ ಬಸ್ಸುಗಳಿಗೆ ಅದು ಅನುಕೂಲ. ನಮ್ಮಂಥವರಿಗೆ ಅಲ್ಲ. ನನ್ನನ್ನು ಇಳಿಸಿದ ಜಾಗದಲ್ಲಿ ಒಂದು ಟೀ ಅಂಗಡಿಯೂ ಇರಲಿಲ್ಲ. ಕ್ಯಾಮೆರಾ ಚೀಲ, ನೀರಿನ ಬಾಟಲಿ, ಟ್ರೈಪಾಡ್ ಹೊತ್ತು ಊರೊಳಗೆ ನಡೆದೆ. ದಾರಿಯಲ್ಲಿ ಸಿಕ್ಕ ಆಟೊದವರು ಬೆಳ್ಳೂರಿಗೆ ಏಳುನೂರು ಕೇಳಿದರು. ಕೊಡಲಿಲ್ಲ. ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಹಳ್ಳಿಯ ಬಸ್ ಹೊರಟುಹೋಗಿತ್ತು. ಮುಂದಿನದಕ್ಕೆ ಎರಡು ಗಂಟೆ ಕಾದೆ. ಅದರಲ್ಲೂ ಕೂರಲು ಸೀಟಿಲ್ಲ, ಲೆನ್ಸ್ ಇದ್ದ ಚೀಲವನ್ನು ಎದೆಗವುಚಿಕೊಂಡು ಕೊನೆಯವರೆಗೂ ನಿಂತೇ ಹೋದೆ.

ಹಾಗಾಗಿ ಹೇಳುತ್ತೇನೆ, ಮಂಡ್ಯದ ಒಳಗೆ ನಿಂತು, ಮದ್ದೂರಿನ ಒಳಗೆ ಹೋಗುವ ಸಾದಾ ಬಸ್ಸನ್ನೇ ಹತ್ತಿ. ಹತ್ತುವ ಮುಂಚೆ ಡ್ರೈವರ್ ಅಥವಾ ಕಂಡಕ್ಟರನ್ನೇ ಕೇಳಿ, ಕೂಗುವವರನ್ನಲ್ಲ. ಪ್ಯಾಸೆಂಜರ್ ರೈಲು ಇನ್ನೂ ವಾಸಿ, ಅದು ಮದ್ದೂರಿನಲ್ಲಿ ನಿಲ್ಲುತ್ತದೆ. ಬೈಕಿನಲ್ಲಿ ಹೋಗುವವರಿಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಪ್ರವೇಶವೇ ಇಲ್ಲ, 2023ರ ಆಗಸ್ಟ್‌ನಿಂದ ಬೈಕು, ಆಟೊಗಳನ್ನು ನಿಲ್ಲಿಸಿದ್ದಾರೆ. ಸರ್ವಿಸ್ ರಸ್ತೆಯಲ್ಲಿ ಮದ್ದೂರು ದಾಟಿ ರುದ್ರಾಕ್ಷಿಪುರದಲ್ಲಿ ತಿರುಗಿದರೆ ಅಲ್ಲಿಂದ ಬೆಳ್ಳೂರಿಗೆ ಸುಮಾರು 12 ಕಿಲೋಮೀಟರ್. ಕಾರಿನವರು ಎಕ್ಸ್‌ಪ್ರೆಸ್‌ವೇಯಲ್ಲಿ ಈ ತಿರುವನ್ನು ತಪ್ಪಿಸಿಕೊಂಡು ಮುಂದೆ ಹೋಗಿಬಿಡುತ್ತಾರೆ.

ಊರಿನಲ್ಲಿ ಮಾತ್ರ ನನಗೆ ಒಂದು ಬೇಸರವೂ ಆಗಲಿಲ್ಲ. ಇಲ್ಲಿ ಹಕ್ಕಿಗಳಿಗೆ ಬೇರೆ ಕಾಡು ಬೇಕಿಲ್ಲ. ಮನೆ ಮುಂದಿನ ಹುಣಸೆ ಮರ, ಅರಳಿ ಮರದಲ್ಲೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಡಿಸೆಂಬರ್ ಹೊತ್ತಿಗೆ ಬಂದು, ಮರಿ ದೊಡ್ಡದು ಮಾಡಿಕೊಂಡು, ಮಳೆಗಾಲ ಶುರುವಾಗುವ ಮುಂಚೆ ಹೊರಡುತ್ತವೆ. ಮರಿಗಳ ಫೋಟೊ ಬೇಕಿದ್ದರೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಸಾಕುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ವಾಸನೆ ಇರುತ್ತದೆ, ಇಲ್ಲ ಅನ್ನುವುದಿಲ್ಲ. ನನಗೆ ಅದು ಹತ್ತು ನಿಮಿಷದಲ್ಲಿ ರೂಢಿಯಾಯಿತು. ಆಗದವರು ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳಿ, ಆದರೆ ಮನೆಯವರ ಮುಂದೆ ಮುಖ ಕಿವುಚಬೇಡಿ.

ಮರದ ಕೆಳಗೆ ಕ್ಯಾಮೆರಾ ಎತ್ತಿ ನಿಂತಿದ್ದೆ. ಜಗಲಿಯಲ್ಲಿ ಕೂತಿದ್ದ ಅಜ್ಜಿ ಕೂಗಿದರು: "ಅಲ್ಲಿ ನಿಂತ್ಕೋಬೇಡ ಕಣವ್ವ, ಮೀನು ಬೀಳ್ತದೆ." ಪಕ್ಕಕ್ಕೆ ಸರಿದೆ. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಒಂದು ಮೀನು, ಅರ್ಧ ಅರಗಿದ್ದು, ಪಟ್ ಅಂತ ಬಿತ್ತು. "ಕೆಳಗಿಂದ ಏನು ಕಾಣ್ತದೆ? ತಾರಸಿಗೆ ಹೋಗು" ಎಂದು ಅವರೇ ಮೆಟ್ಟಿಲು ತೋರಿಸಿದರು. ನಾನು ಈ ಪ್ರವಾಸದಲ್ಲಿ ಕಲಿತ ಅತಿ ಮುಖ್ಯ ವಿಷಯ ಇದು. ಕೆಳಗಿಂದ ತೆಗೆದರೆ ಗೂಡಿನ ತಳ, ಹಿಂದೆ ಬೆಳ್ಳಗಿನ ಆಕಾಶ. ತಾರಸಿಯಿಂದ ತೆಗೆದರೆ ಮರಿಯ ಕಣ್ಣು ನಿಮ್ಮ ಕಣ್ಣಿನ ನೇರಕ್ಕೆ ಬರುತ್ತದೆ, ಹಿಂದೆ ಹಸಿರು ಎಲೆ. ತಾಯಿ ಬಂದಾಗ ಮರಿ ಅದರ ಗಂಟಲ ಚೀಲದೊಳಗೆ ತಲೆ ತೂರಿಸುತ್ತದಲ್ಲ, ಅದನ್ನು ಅಲ್ಲಿಂದಲೇ ನೋಡಬೇಕು. 300 ಎಂಎಂ ಲೆನ್ಸ್ ಸಾಕು, ಎಷ್ಟೋ ಗೂಡಿಗೆ ಅದೇ ಜಾಸ್ತಿ. ಬಿಳಿ ಗರಿ ಸುಟ್ಟುಹೋಗದ ಹಾಗೆ ಎಕ್ಸ್‌ಪೋಶರ್ ಒಂದು ಹಂತದವರೆಗೂ ಇಳಿಸಿ. ಸಂಜೆ ನಾಲ್ಕೂವರೆ ಮೇಲೆ ಬೆಳಕು ಮತ್ತೆ ಹದಕ್ಕೆ ಬಂತು. ಬೆಳಗ್ಗೆ ಕಳೆದುಕೊಂಡಿದ್ದರಲ್ಲಿ ಸ್ವಲ್ಪವಾದರೂ ಸಿಕ್ಕಿತು. ಕೇಳದೆ ಯಾರ ತಾರಸಿಯನ್ನೂ ಹತ್ತಬೇಡಿ. ಹತ್ತಿದರೆ ಮುಂದಿನ ಸಲ ಬರುವಾಗ ಒಂದು ಪ್ರಿಂಟ್ ತಂದು ಕೊಡಿ. ಏಪ್ರಿಲ್‌ನಲ್ಲಿ ಅಜ್ಜಿಗೆ ಎರಡು ಒಯ್ದು ಕೊಟ್ಟೆ.

ಈಗ ಊಟದ ವಿಷಯ. ಬೆಳ್ಳೂರಿನಿಂದ ವಾಪಸ್ ಬಂದು, ಮದ್ದೂರಿನ ಹಳೇ ರಸ್ತೆಯಲ್ಲಿ, ಬೋರ್ಡ್ ಕೂಡ ಇಲ್ಲದ ಒಂದು ಹೋಟೆಲ್‌ಗೆ ಹೋದೆ. ನಾಲ್ಕೇ ಬೆಂಚು. ಒಲೆ ಮುಂದೆ ಒಬ್ಬ ಅಮ್ಮ, ಬಡಿಸಲು ಅವರ ಮಗ. ಬೆಳಗ್ಗೆಯಿಂದ ಬಿಸ್ಕತ್ತು ಬಿಟ್ಟು ಏನೂ ತಿಂದಿರಲಿಲ್ಲ. ಆಗ ತಾನೇ ತೊಳಸಿದ ಮುದ್ದೆ, ಕೈ ಇಟ್ಟರೆ ಸುಡುವಷ್ಟು ಬಿಸಿ. ದಂಟಿನ ಸೊಪ್ಪು, ಅಲಸಂದೆ ಕಾಳು ಬೇಯಿಸಿ ಬಸಿದ ಬಸ್ಸಾರು. ಬಸಿದ ಸೊಪ್ಪು ಕಾಳಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ, ಮೇಲೆ ಕಾಯಿತುರಿ. ಸಾರಿನಲ್ಲಿ ಹುಣಸೆ ಹುಳಿ ಹಿಡಿತದಲ್ಲಿತ್ತು, ಮೆಣಸು ಜೀರಿಗೆ ಘಮ ಮೂಗಿಗೆ ಬರುತ್ತಿತ್ತು. ಒಂದು ಮುದ್ದೆ ಮುಗಿಯುವಷ್ಟರಲ್ಲಿ "ಇನ್ನೊಸಿ ಹಾಕ್ಲಾ ಅಕ್ಕ?" ಎಂದು ಹುಡುಗ ಬಂದ. ಅರ್ಧ ಎಂದೆ, ಪೂರ್ತಿ ಇಟ್ಟ. ಕೊನೆಗೆ ಅನ್ನ, ಮಜ್ಜಿಗೆ, ಕಚ್ಚಿದರೆ ಕರಕರ ಅನ್ನುವ ಹಸಿ ಈರುಳ್ಳಿ. ಎಪ್ಪತ್ತು ರೂಪಾಯಿ. ಎರಡನೇ ಮುದ್ದೆಗೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಮದ್ದೂರಿಗೆ ಬಂದವರೆಲ್ಲ ವಡೆ ಕಟ್ಟಿಸಿಕೊಂಡು ಹೋಗುತ್ತಾರೆ, ನಾನೂ ಕಟ್ಟಿಸಿಕೊಂಡೆ. ಆದರೆ ದಿನವಿಡೀ ನಿಂತ ಕಾಲಿಗೆ ಶಕ್ತಿ ಬಂದಿದ್ದು ಆ ಬಸ್ಸಾರಿನಿಂದ.

ಉಳಿದ ತಿಂಗಳುಗಳ ಬಗ್ಗೆ ಒಂದೇ ಮಾತು. ನಮ್ಮ ಕಡೆ ಫೋಟೊಗೆ ಹೊರಡುವವರು ಕ್ಯಾಲೆಂಡರ್ ನೋಡುವ ಬದಲು ನೀರು ನೋಡಬೇಕು. ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಪೂರ್ಣ ಮಟ್ಟ 124.80 ಅಡಿ. ಮಳೆಗಾಲದಲ್ಲಿ ಅದಕ್ಕೆ ಹತ್ತಿರ ಬಂದು ನೀರು ಜಾಸ್ತಿ ಬಿಟ್ಟರು ಅಂದರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ನಾನು ಜುಲೈನಲ್ಲಿ ಪೇಪರ್ ನೋಡದೆ ಹೋಗಿ ಗೇಟಿನಿಂದ ವಾಪಸ್ ಬಂದೆ. ಅದೇ ನೀರು ಕೆಳಗೆ ಹರಿದು, ತಿರುಮಕೂಡಲಿನಲ್ಲಿ ಕಬಿನಿಯನ್ನೂ ಸೇರಿಸಿಕೊಂಡು ಶಿವನಸಮುದ್ರಕ್ಕೆ ಹೋಗುತ್ತದೆ. ರಂಗನತಿಟ್ಟು ಬಂದ್ ಆದ ದಿನಗಳೇ ಅಲ್ಲಿನ ಗಗನಚುಕ್ಕಿ ಜಲಪಾತಕ್ಕೆ ಸರಿಯಾದ ದಿನಗಳು. ಆದರೆ ಭಾನುವಾರ ಬೇಡ. ಆ ನೂಕುನುಗ್ಗಲಿನಲ್ಲಿ ಟ್ರೈಪಾಡ್ ಇಡಲು ಒಂದಡಿ ಜಾಗ ಸಿಗಲಿಲ್ಲ. ಜನ ಜಾಸ್ತಿ ಇದ್ದರೆ ನನ್ನ ಕೈಯಲ್ಲಿ ಆಗುವುದೇ ಇಲ್ಲ, ಅರ್ಧ ಗಂಟೆಯಲ್ಲಿ ಹೊರಟುಬಿಟ್ಟೆ. ವಾರದ ನಡುವೆ ಹೋಗಿ, ಲೆನ್ಸ್ ಒರೆಸಲು ನಾಲ್ಕೈದು ಹತ್ತಿ ಬಟ್ಟೆ ಇಟ್ಟುಕೊಳ್ಳಿ. ತುಂತುರು ನಿಲ್ಲುವುದೇ ಇಲ್ಲ.

ರಂಗನತಿಟ್ಟಿಗೆ ಫೆಬ್ರವರಿಯಿಂದ ಮೇ ಹೋಗಿ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ. ಈ ತಿಂಗಳುಗಳಲ್ಲಿ ನದಿ ಇಳಿದು ಬಂಡೆಗಳು ಮೇಲೆದ್ದಿರುತ್ತವೆ, ಬಂಡೆ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ, ನದಿ ರೀವ ಹಕ್ಕಿಗಳು ಅಲ್ಲೇ ಮೊಟ್ಟೆ ಇಡುತ್ತವೆ. ಮೊದಲ ದೋಣಿಯನ್ನೇ ಹಿಡಿಯಿರಿ. ದೊಡ್ಡ ಲೆನ್ಸ್‌ಗೆ ಬೇರೆ ಶುಲ್ಕ ಇರುತ್ತದೆ, ಕೌಂಟರಿನಲ್ಲಿ ಮೊದಲೇ ಕೇಳಿ. ದೋಣಿ ಅಲುಗಾಡುತ್ತದೆ, ಹಾಗಾಗಿ ಶಟರ್ ವೇಗ 1/1000ಕ್ಕಿಂತ ಕೆಳಗೆ ಇಳಿಸಬೇಡಿ. ಅಂಬಿಗರಿಗೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಅಂತ ನಮಗಿಂತ ಚೆನ್ನಾಗಿ ಗೊತ್ತು. "ಅಣ್ಣ, ಯಾವ ಕಡೆ ಕೂರಲಿ?" ಎಂದು ಕೇಳಿ ಕೂತರೆ ಸಾಕು.

ಇದಕ್ಕಾಗಿ ಶ್ರೀರಂಗಪಟ್ಟಣದಲ್ಲಿ ರೂಮ್ ಮಾತ್ರ ಮಾಡಬೇಡಿ. ಬೆಳಗ್ಗೆ ಬೇಗ ಹೋಗಬಹುದು ಅಂತ ನಾನು ಒಂದು ಸಲ 2,600 ರೂಪಾಯಿ ಕೊಟ್ಟೆ. ಕಿಟಕಿ ತೆಗೆದರೆ ನದಿ ಎಂದಿದ್ದರು. ಕಿಟಕಿ ತೆಗೆದರೆ ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕ್. ಬೆಳಗ್ಗೆ ಐದೂವರೆಗೆ ಇಳಿದು ಬಂದರೆ ಗೇಟಿಗೆ ಬೀಗ, ಬೀಗದ ಕೈ ಇದ್ದ ಹುಡುಗ ಎಲ್ಲಿ ಮಲಗಿದ್ದಾನೋ ಯಾರಿಗೂ ಗೊತ್ತಿಲ್ಲ. ಆರೂಮುಕ್ಕಾಲಿಗೆ ಬಾಗಿಲು ತೆಗೆದರು. ನದಿ ಮೇಲಿನ ಮಂಜು ಅಷ್ಟರಲ್ಲಿ ಕರಗಿತ್ತು. ಮೈಸೂರಿನಿಂದ ಅರ್ಧ ಗಂಟೆ ದಾರಿ ಅಷ್ಟೇ, ಮನೆಯಲ್ಲೇ ಮಲಗಿ ಎದ್ದು ಹೋಗಿದ್ದರೆ ಮಂಜೂ ಸಿಗುತ್ತಿತ್ತು, ದುಡ್ಡೂ ಉಳಿಯುತ್ತಿತ್ತು.

ಕಬಿನಿ ಹಿನ್ನೀರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಿಂದೆ ಸರಿದು ಹೊಸ ಹುಲ್ಲು ಬರುತ್ತದೆ, ಆನೆಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಸಫಾರಿ ಗಾಡಿಯ ಗದ್ದಲ ತಡೆಯುವವರು ಹೋಗಬಹುದು.

ಚಳಿಗಾಲಕ್ಕೆ ನನ್ನ ಆಯ್ಕೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ನೋಡಬಹುದು. ರಾತ್ರಿ ಹೊಲಗಳಲ್ಲಿ ಮೇಯ್ದು, ಬೆಳಗ್ಗೆ ಕೆರೆಗೆ ಇಳಿಯುತ್ತವೆ. ಇಳಿಯುವ ಹೊತ್ತೇ ಫೋಟೊಗೆ ಹೊತ್ತು. ಏರಿ ಮೇಲೆ ಎದ್ದು ನಿಲ್ಲಬೇಡಿ, ಒಂದು ಹಕ್ಕಿ ಬೆದರಿದರೆ ಹಿಂಡೇ ಎದ್ದು ಹೋಗುತ್ತದೆ. ಕೆಳಗೆ ಕೂತು, ಸೊಂಟಕ್ಕಿಂತ ಕೆಳಗೆ ಕ್ಯಾಮೆರಾ ಇಟ್ಟು ಕಾಯಿರಿ. ಹತ್ತಿರ ಹೋಗಲು ಅಂತ ಯಾರ ಹೊಲಕ್ಕೂ ಇಳಿಯಬೇಡಿ. ನಾನು ಹೋದ ದಿನ ಯಾರೋ ಹುರುಳಿ ತುಳಿದುಕೊಂಡು ಹೋಗಿದ್ದರು. ಹೊಲದ ಯಜಮಾನರು ಬಂದು ಬೈದಿದ್ದು ಬದುವಿನ ಮೇಲೆ ಕೂತಿದ್ದ ನಮ್ಮನ್ನೆಲ್ಲ. ಅವರು ಬೈದಿದ್ದು ಸರಿಯಾಗಿಯೇ ಇತ್ತು.