ಖಾಲಿ ಇದ್ದರೆ ಅರೇ, ತುಂಬಿದ್ದರೆ ಆಬ್ಜೆಕ್ಟ್

ಪಾರ್ಟ್‌ನರ್ ಕಂಪನಿಯ ಆರ್ಡರ್ ಎಪಿಐಗೆ ಓಪನ್‌ಎಪಿಐ ಸ್ಪೆಕ್ (ಎಪಿಐ ಏನು ತಗೊಳ್ಳುತ್ತೆ, ಏನು ಕೊಡುತ್ತೆ ಅಂತ ಹೇಳುವ ಫೈಲ್) ಬರೆಯುವ ಕೆಲಸ ನನಗೆ ಬಿತ್ತು. ಡೆಲಿವರಿ ವಿಳಾಸ ಆಬ್ಜೆಕ್ಟ್, ಅಂದರೆ ಕೀ-ವ್ಯಾಲ್ಯೂ ಜೋಡಿಗಳ ಗುಂಪು, ಅಂತ ಅವರ ಪಿಡಿಎಫ್ ಹೇಳಿತ್ತು, ಸ್ಪೆಕ್‌ನಲ್ಲೂ ಅದೇ ಹೋಯಿತು. ಸ್ಪೆಕ್‌ನಿಂದ ಕೋಡ್ ಹುಟ್ಟಿಸುವ ಜನರೇಟರ್ ಓಡಿಸಿ ಕೋಟ್ಲಿನ್ ಕ್ಲೈಂಟ್ ತೆಗೆದೆವು, ರಿಲೀಸ್ ಆಯಿತು.

ಸಂಜೆ ಕ್ರ್ಯಾಶ್ ಶುರು. ಎಲ್ಲರೂ ಕಾಲ್‌ಗೆ ಬಂದರು. ಹೆಚ್ಚಿನ ಆರ್ಡರ್ ಸರಿಯಾಗಿಯೇ ತೆರೆಯುತ್ತವೆ, ಕೆಲವು ಮಾತ್ರ ಪಾರ್ಸ್ ಆಗುತ್ತಿಲ್ಲ. ಮ್ಯಾನೇಜರ್ 'ರೋಲ್‌ಬ್ಯಾಕ್ ಮಾಡೋಣ್ವಾ?' ಅಂತ ಕೇಳ್ತಾನೇ ಇದ್ದಾರೆ. ನಾನು ಸ್ಪೆಕ್ ತಿರುಗಿಸಿ ಮರುಗಿಸಿ ಓದುತ್ತಿದ್ದೇನೆ. ಅಷ್ಟರಲ್ಲಿ ಕ್ಯೂಎ ಹುಡುಗಿ ಲಾಗ್ ತೆರೆದಳು. 'ಸರ್, ಅಂಗಡಿಗೇ ಬಂದು ತಗೊಳ್ಳೋ ಆರ್ಡರ್‌ಗಳಷ್ಟೇ ಬೀಳ್ತಿವೆ. ವಿಳಾಸದ ಜಾಗದಲ್ಲಿ ಚೌಕ ಬ್ರ್ಯಾಕೆಟ್ ಇದೆ.'

ಸರ್ವರ್ ಕಡೆ ಪಿಎಚ್‌ಪಿ ಭಾಷೆಯಲ್ಲಿ ಕೋಡ್ ಬರೆದವರಿಗೆ ಇದು ಹಳೇ ಕತೆ. ಅಲ್ಲಿ ಲಿಸ್ಟಿಗೂ ಅರೇಯೇ, ಕೀ-ವ್ಯಾಲ್ಯೂಗೂ ಅರೇಯೇ. ಖಾಲಿಯಾದರೆ ಎರಡಕ್ಕೂ ವ್ಯತ್ಯಾಸವಿಲ್ಲ, ಡೇಟಾ ಕಳಿಸುವ ಜೆಸನ್‌ನಲ್ಲಿ ಖಾಲಿ ಆಬ್ಜೆಕ್ಟ್‌ನ {} ಬದಲು ಖಾಲಿ ಅರೇಯ [] ಬಂದುಬಿಡುತ್ತದೆ. ಕಳಿಸುವ ಮುಂಚೆ ಆಬ್ಜೆಕ್ಟ್‌ಗೆ ಕಾಸ್ಟ್ ಮಾಡಿದರೆ (ಟೈಪ್ ಬದಲಿಸಿದರೆ) ಮುಗೀತು. ಆದರೆ ಪಾರ್ಟ್‌ನರ್ ಕಂಪನಿಯವರು 'ಹಳೇ ಕ್ಲೈಂಟ್‌ಗಳು ಮುರಿಯುತ್ತವೆ, ಮುಟ್ಟಲ್ಲ' ಅಂದುಬಿಟ್ಟರು.

ಸರಿ, ಇದ್ದದ್ದನ್ನು ಇದ್ದ ಹಾಗೇ ಬರೆಯೋಣ ಅಂತ ಒನ್‌ಆಫ್ (ಇವುಗಳಲ್ಲಿ ಯಾವುದಾದರೂ ಒಂದು ಅನ್ನುವ ನಿಯಮ) ಹಾಕಿದೆ. ಒಂದು ಕಡೆ ವಿಳಾಸ, ಇನ್ನೊಂದು ಕಡೆ ಮ್ಯಾಕ್ಸ್‌ಐಟಮ್ಸ್ 0 ಇರುವ, ಅಂದರೆ ಖಾಲಿಯೇ ಇರಬೇಕಾದ ಅರೇ. ವ್ಯಾಲಿಡೇಟರ್ ಒಪ್ಪಿತು. ಜನರೇಟರ್ ಮಾತ್ರ ಯಾರಿಗೂ ಬೇಡದ ರ‍್ಯಾಪರ್ ಕ್ಲಾಸ್ ಒಂದನ್ನು ಹೆತ್ತಿತು. ಡಿಸ್ಕ್ರಿಮಿನೇಟರ್ ಹಾಕಿ ಅಂದರು ಒಬ್ಬರು. ಅದು ಆಬ್ಜೆಕ್ಟ್ ಒಳಗಿನ ಪ್ರಾಪರ್ಟಿ ನೋಡಿ ನಿರ್ಧರಿಸುವಂಥದ್ದು. ಖಾಲಿ ಅರೇಯಲ್ಲಿ ಪ್ರಾಪರ್ಟಿ ಎಲ್ಲಿಂದ ತರೋದು?

ಕೊನೆಗೆ ಮೂಲ ಸ್ಪೆಕ್‌ನಲ್ಲಿ ಒನ್‌ಆಫ್ ಹಾಗೇ ಉಳಿಯಿತು. ಜನರೇಟರ್‌ಗೆ ಕೊಡುವ ಮುಂಚೆ ಓವರ್‌ಲೇ (ಸ್ಪೆಕ್ ಮೇಲೆ ಬದಲಾವಣೆ ಹೇರುವ ಬೇರೆ ಫೈಲ್) ಹಾಕಿ ಅದನ್ನು ನಲ್ (ಏನೂ ಇಲ್ಲ) ಆಗಬಹುದಾದ ಸಾದಾ ವಿಳಾಸ ಮಾಡುತ್ತೇವೆ. ಕ್ಲೈಂಟ್ ಕಡೆ ಜೆಸನ್ ಓದುವ ಲೈಬ್ರರಿ ಜಾಕ್ಸನ್‌ನಲ್ಲಿ ಖಾಲಿ ಅರೇಯನ್ನು ನಲ್ ಅಂತ ತಗೊಳ್ಳುವ ಸೆಟ್ಟಿಂಗ್ ಮೊದಲಿಂದಲೇ ಇದೆ. ಈ ರೋಗ ಎಷ್ಟು ಜನರನ್ನು ಕಾಡಿರಬೇಕು ನೋಡಿ. ಓವರ್‌ಲೇ ಅಂದರೆ ಇನ್ನೊಂದು ಫೈಲ್ ಕಾಯುವ ಕೆಲಸ, ಅದೇನು ಪುಕ್ಕಟೆ ಅಲ್ಲ. ಆದರೂ ಸ್ಪೆಕ್‌ನಲ್ಲೇ ಸುಳ್ಳು ಬರೆಯುವುದಕ್ಕಿಂತ ವಾಸಿ, ಅಲ್ವಾ?

ಆ ಫೀಲ್ಡ್‌ನ ಡಿಸ್ಕ್ರಿಪ್ಷನ್‌ನಲ್ಲಿ ಸರ್ವರ್ ಕೊಟ್ಟ ನಿಜವಾದ ರೆಸ್ಪಾನ್ಸ್ ಅಂಟಿಸಿದ್ದೇನೆ. ಇಲ್ಲದಿದ್ದರೆ ಹೊಸದಾಗಿ ಸೇರಿದವರು ಯಾರೋ ಇದೇನಿದು ತಪ್ಪು ಅಂತ ಸುಮ್ನೆ ತಿದ್ದಿಬಿಡುತ್ತಾರೆ.