ಗಿಡ ನೆಟ್ಟ ಮೇಲಿನ ಎರಡು ಬೇಸಿಗೆ

ಕೋಲಾರ ಜಿಲ್ಲೆಯ ನಮ್ಮೂರಿನಲ್ಲಿ ಚಿಕ್ಕಮ್ಮನಿಗೆ ಇರುವುದು ಒಂದೂವರೆ ಎಕರೆ ಖುಷ್ಕಿ ಜಮೀನು. ಕೊಳವೆಬಾವಿ ಇಲ್ಲ. ಚಿಕ್ಕಪ್ಪ ಬದುಕಿದ್ದಷ್ಟು ದಿನ ರಾಗಿ, ನಡುವೆ ಅವರೆ ಸಾಲು, ಮಳೆ ತಡವಾದ ವರ್ಷ ಹುರುಳಿ ಬೆಳೆಯುತ್ತಿದ್ದರು. 2017ರ ಮುಂಗಾರಿನಲ್ಲಿ ಅದೇ ನೆಲದಲ್ಲಿ ಉದ್ಯೋಗ ಖಾತ್ರಿ ಯೋಜನೆಯಡಿ 60 ಮಾವಿನ ಕಸಿ ಗಿಡಗಳನ್ನು ನೆಟ್ಟೆವು. ಈಗ ಅಲ್ಲಿ 43 ಮರಗಳಿವೆ. ಸಣ್ಣ ರೈತನಿಗೆ ಹಣ್ಣಿನ ತೋಟ ಮಾಡಿಕೊಡುವ ಸರ್ಕಾರದ ನೆರವು ಎಲ್ಲಿಯವರೆಗೆ ಕೈ ಹಿಡಿದು ನಡೆಸುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದನ್ನು ನಾನು ಕಲಿತದ್ದು ಒಣಗಿಹೋದ ಆ 17 ಗಿಡಗಳಿಂದ.

ಈ ನೆರವು ದೊಡ್ಡದು ಎಂಬುದನ್ನು ಮೊದಲೇ ಹೇಳಬೇಕು. 2005ರ ಉದ್ಯೋಗ ಖಾತ್ರಿ ಕಾಯ್ದೆಯನ್ನು ಕೆರೆ ಹೂಳೆತ್ತುವ, ರಸ್ತೆಗೆ ಮಣ್ಣು ಹಾಕುವ ಕೆಲಸವೆಂದೇ ಬಹಳ ಜನ ತಿಳಿದಿದ್ದರು. ಆದರೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಬಡತನ ರೇಖೆಗಿಂತ ಕೆಳಗಿನವರು, ಮಹಿಳೆಯೇ ಯಜಮಾನಿಯಾಗಿರುವ ಕುಟುಂಬಗಳು, ಭೂಸುಧಾರಣೆಯ ಫಲಾನುಭವಿಗಳು ಮತ್ತು ಅವರ ನಂತರ ಎರಡು ಹೆಕ್ಟೇರ್‌ವರೆಗಿನ ಸಣ್ಣ, ಅತಿಸಣ್ಣ ರೈತರು ತಮ್ಮ ಸ್ವಂತ ಜಮೀನಿನಲ್ಲಿಯೇ ತೋಟ ಮಾಡಿಕೊಂಡು, ಆ ಕೆಲಸಕ್ಕೆ ತಾವೇ ಕೂಲಿ ಪಡೆಯುವ ಅವಕಾಶ ಅದರಲ್ಲಿತ್ತು. ಹಣ್ಣಿನ ಗಿಡ ಫಸಲು ಕೊಡಲು ನಾಲ್ಕೈದು ವರ್ಷ ಬೇಕು. ದಿನಗೂಲಿಯಿಂದ ಬದುಕುವ ಮನೆಗೆ ಅಷ್ಟು ವರ್ಷ ಕಾಯುವ ಶಕ್ತಿ ಇರುವುದಿಲ್ಲವಾದ್ದರಿಂದಲೇ ತೋಟ ಎಂಬುದು ನಮ್ಮ ಕಡೆ ಬಹುಕಾಲ ನೀರು ಮತ್ತು ಹಣ ಎರಡೂ ಇದ್ದವರ ಸೊತ್ತಾಗಿತ್ತು. 1963ರಲ್ಲಿ ಪ್ರತ್ಯೇಕ ತೋಟಗಾರಿಕೆ ಇಲಾಖೆ ರೂಪುಗೊಂಡಾಗ ಅದರ ಚುಕ್ಕಾಣಿ ಹಿಡಿದ ಡಾ. ಎಂ.ಎಚ್. ಮರಿಗೌಡರು ರಾಜ್ಯದ ಉದ್ದಗಲಕ್ಕೂ ಸಸ್ಯಕ್ಷೇತ್ರಗಳನ್ನು ಕಟ್ಟಿ, ಖುಷ್ಕಿ ನೆಲದಲ್ಲಿಯೂ ಹಣ್ಣಿನ ಬೆಳೆ ಸಾಧ್ಯ ಎಂದು ತೋರಿಸಿದರು. ಅವರು ಗಿಡವನ್ನು ರೈತನ ಹತ್ತಿರಕ್ಕೆ ತಂದರು. ಗಿಡ ಬೆಳೆಯುವವರೆಗಿನ ಹೊಟ್ಟೆಪಾಡಿನ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ನನಗೆ ಕಂಡದ್ದು ಉದ್ಯೋಗ ಖಾತ್ರಿಯಲ್ಲಿ.

ಆದರೆ ಗುದ್ದಲಿ ಹಿಡಿಯುವ ಮೊದಲು ಕಾಗದ ಹಿಡಿಯಬೇಕು. ಪಹಣಿ ಇನ್ನೂ ಚಿಕ್ಕಮ್ಮನ ಮಾವನವರ ಹೆಸರಿನಲ್ಲಿಯೇ ಇತ್ತು. ಮಾವ ತೀರಿಕೊಂಡು ಇಪ್ಪತ್ತು ವರ್ಷ, ಚಿಕ್ಕಪ್ಪ ತೀರಿಕೊಂಡು ಮೂರು ವರ್ಷ ಆಗಿದ್ದರೂ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಗಿರಲಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮೈದುನಂದಿರ ಒಪ್ಪಿಗೆ ಇವೆಲ್ಲವನ್ನೂ ಹೊಂದಿಸಿ ಆಕೆಯ ಹೆಸರು ಪಹಣಿಗೆ ಬರಲು ಎಂಟು ತಿಂಗಳು ಹಿಡಿಯಿತು. ಅದಾದ ಮೇಲೆ ಸಣ್ಣ ರೈತರ ಪ್ರಮಾಣಪತ್ರ, ಜಾಬ್ ಕಾರ್ಡ್, ಗ್ರಾಮಸಭೆಯಲ್ಲಿ ಹೆಸರು, ಕ್ರಿಯಾ ಯೋಜನೆಗೆ ಅನುಮೋದನೆ. ನಾನು ಬೆಂಗಳೂರಿನಿಂದ ರಜೆ ಹಾಕಿ ಓಡಾಡಿದೆ. ಓಡಾಡಲು ಯಾರೂ ಇಲ್ಲದ ಮನೆಗಳು ನಮ್ಮೂರಿನಲ್ಲಿಯೇ ಐದಾರು ಇವೆ. ನೆರವಿಗೆ ನಿಜವಾಗಿ ಅರ್ಹರಾದ ಆ ಮನೆಗಳು ಯೋಜನೆಯ ಹೊಸ್ತಿಲನ್ನೂ ಮುಟ್ಟಿಲ್ಲ. ತೋಟದ ಅನುದಾನ ಹೆಚ್ಚಿಸುವುದಕ್ಕಿಂತ ಮೊದಲು ಇಂಥ ಮನೆಗಳ ಪಹಣಿಯನ್ನು ಹಳ್ಳಿಗೇ ಬಂದು ಸರಿಪಡಿಸಿಕೊಟ್ಟರೆ ಅದೇ ದೊಡ್ಡ ನೆರವು ಎಂದು ನಾನು ನಂಬಿದ್ದೇನೆ.

ಗುಂಡಿ ತೆಗೆದ ದಿನಗಳು ನನ್ನ ಕಣ್ಣ ಮುಂದೆ ಹಾಗೆಯೇ ಇವೆ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಗುಂಡಿಯಿಂದ ಗುಂಡಿಗೆ ಹತ್ತು ಮೀಟರ್ ಅಂತರ. ಒಂದೂವರೆ ಅಡಿಯವರೆಗೆ ಕೆಂಪು ಮಣ್ಣು ಸುಲಭವಾಗಿ ಬರುತ್ತಿತ್ತು. ಅದರ ಕೆಳಗೆ ಗರಸು. ಹಾರೆಯಿಂದ ಮೀಟಿದರೆ ಮಾತ್ರ ಹಿಡಿ ಹಿಡಿಯಾಗಿ ಏಳುತ್ತಿತ್ತು. ಮೇಲ್ಮಣ್ಣನ್ನು ಒಂದು ಬದಿಗೆ, ಗರಸನ್ನು ಇನ್ನೊಂದು ಬದಿಗೆ ಹಾಕಿ, ತುಂಬುವಾಗ ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಹೊಂಗೆ ಹಿಂಡಿ ಬೆರೆಸಿ ಅದನ್ನೇ ತಳಕ್ಕೆ ಹಾಕಿದರು. ಆ ವರ್ಷ ಕರ್ನಾಟಕದಲ್ಲಿ ದಿನಕ್ಕೆ 236 ರೂಪಾಯಿ ಕೂಲಿ. ಚಿಕ್ಕಮ್ಮ, ಆಕೆಯ ಮಗ, ಅಕ್ಕಪಕ್ಕದ ಎರಡು ಮನೆಯವರು ಸೇರಿ ಕೆಲಸ ಮುಗಿಸಿದರು. ಕೊನೆಯ ದಿನ ಬುತ್ತಿ ಬಿಚ್ಚುವಾಗ ಆಕೆ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಇಷ್ಟು ವರ್ಷ ಕೂಲಿಗೆ ಹೋದ ಕಡೆಯೆಲ್ಲ ಕಂಡೋರ ಹೊಲ ಕಣಪ್ಪಾ. ನನ್ನ ಹೊಲದಾಗೆ ನನಗೇ ಕೂಲಿ ಬಂದದ್ದು ಇದೇ ಮೊದಲು."

ಸಸಿಗಳು ಬಂದದ್ದು ಆಗಸ್ಟ್ ಕೊನೆಗೆ, ಮುಂಗಾರಿನ ಅರ್ಧ ಮಳೆ ಕಳೆದ ಮೇಲೆ. ಎಲ್ಲವೂ ತೋತಾಪುರಿ. ಬಾದಾಮಿ, ರಸಪುರಿಯನ್ನೂ ಸ್ವಲ್ಪ ಕೊಡಿ ಎಂದು ಕೇಳಿದ್ದೆವು. ಇರುವುದನ್ನು ತೆಗೆದುಕೊಳ್ಳಿ ಎಂದರು. ಕಸಿ ಕೂಡಿದ ಜಾಗದಲ್ಲಿ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಗಿಡ ಹಿಡಿದ ಮೇಲೆ ಬಿಚ್ಚಬೇಕೆಂದು ಯಾರೂ ಹೇಳಲಿಲ್ಲ. ಮುಂದಿನ ಯುಗಾದಿಗೆ ಊರಿಗೆ ಹೋದಾಗ ಒಂದು ಗಿಡದ ಬಳಿ ಕುಳಿತು ನೋಡಿದೆ. ಕಾಂಡ ದಪ್ಪವಾಗಿ, ಪಟ್ಟಿ ತೊಗಟೆಯೊಳಗೆ ಹೂತು, ಉಂಗುರ ಬಿಗಿದ ಬೆರಳಿನಂತೆ ಮೇಲೂ ಕೆಳಗೂ ಊದಿಕೊಂಡಿತ್ತು. ಕೆಳಗಿನಿಂದ ನಾಟಿ ಚಿಗುರು ಹುಲುಸಾಗಿ ಎದ್ದು ಕಸಿ ಕೊಂಬೆ ಒಣಗಿತ್ತು. ಬ್ಲೇಡಿನಿಂದ ಒಂದೊಂದೇ ಪಟ್ಟಿ ಸೀಳಿ ತೆಗೆದೆವು. ಎರಡು ಗಿಡಗಳು ಹೀಗೆ ಹೋದವು. ಐದು ನಿಮಿಷದ ತಿಳಿವಳಿಕೆ ಸಿಕ್ಕಿದ್ದರೆ ಉಳಿಯುತ್ತಿದ್ದವು.

ಮೊದಲ ಬೇಸಿಗೆಯಲ್ಲಿ ಒಣಗಿದವು ನಾಲ್ಕು ಮಾತ್ರ, ಏಕೆಂದರೆ ನೀರುಣಿಸುವ ಕೂಲಿ ಅಂದಾಜುಪಟ್ಟಿಯಲ್ಲಿ ಸೇರಿತ್ತು. ಎರಡನೆಯ ಬೇಸಿಗೆಯ ಹೊತ್ತಿಗೆ ಕಾಮಗಾರಿ ಮುಕ್ತಾಯವಾಗಿದೆ ಎಂದು ಕಡತ ಮುಚ್ಚಿದ್ದರು. 2018ರ ಹಿಂಗಾರು ಕೈಕೊಟ್ಟಿತ್ತು. ಊರ ಟ್ಯಾಂಕಿನಿಂದ ಅರ್ಧ ಮೈಲಿ ಬಿಂದಿಗೆ ಹೊತ್ತು, ಬುಡದಲ್ಲಿ ಹೂತ ಮಣ್ಣಿನ ಮಡಕೆಗಳಿಗೆ ತುಂಬಿಸಿ, ವಾರಕ್ಕೊಮ್ಮೆ ಗಿಡಕ್ಕೆ ಒಂದು ಬಿಂದಿಗೆಯಂತೆ ಚಿಕ್ಕಮ್ಮ ಏಪ್ರಿಲ್ ನಡುವಿನವರೆಗೂ ನಡೆಸಿದಳು. ಆಮೇಲೆ ಮೊಣಕಾಲು ನೋವಿನಿಂದ ಹಾಸಿಗೆ ಹಿಡಿದಳು. ಮೇ ತಿಂಗಳ ಹದಿನೈದು ದಿನಗಳಲ್ಲಿ 11 ಗಿಡಗಳು ಒಣಗಿದವು.

ಈ 11 ಗಿಡಗಳ ಬಗ್ಗೆ ನನಗೆ ಇಂದಿಗೂ ಸಂಕಟವಿದೆ. ಸೋತದ್ದು ಮಣ್ಣಲ್ಲ, ದುಡಿಮೆಯಲ್ಲ; ಎರಡು ತಿಂಗಳ ನೀರು. ಗುಂಡಿ, ಸಸಿ, ಗೊಬ್ಬರಕ್ಕೆ ಸರ್ಕಾರ ಹಾಕಿದ ಹಣವೂ ಅವುಗಳ ಜೊತೆಗೇ ಒಣಗಿತು. ಹನಿ ನೀರಾವರಿಗೆ ಆಗ ಕರ್ನಾಟಕದಲ್ಲಿ ಎರಡು ಹೆಕ್ಟೇರ್‌ವರೆಗೆ ಶೇ 90ರಷ್ಟು ಸಹಾಯಧನವಿತ್ತು. ಆದರೆ ಕೊಳವೆ ಹರಡಿಸಲು ನೀರಿನ ಮೂಲವೇ ಇಲ್ಲದವರು ಅದನ್ನು ಪಡೆಯುವುದಾದರೂ ಹೇಗೆ? ತೋಟಕ್ಕೆ ನೆರವು ಕೊಡುವ ಕೇಂದ್ರದ ಇನ್ನೊಂದು ಯೋಜನೆಯಾದ ರಾಷ್ಟ್ರೀಯ ತೋಟಗಾರಿಕೆ ಮಿಷನ್‌ನಲ್ಲಿ ಸಹಾಯಧನವನ್ನು ಮೂರು ವರ್ಷಗಳಲ್ಲಿ 60:20:20ರಂತೆ ಹಂಚಿ, ಎರಡನೆಯ ವರ್ಷ ಶೇ 75, ಮೂರನೆಯ ವರ್ಷ ಶೇ 90ರಷ್ಟು ಗಿಡಗಳು ಉಳಿದಿದ್ದರೆ ಮಾತ್ರ ಮುಂದಿನ ಕಂತು ಕೊಡುವ ನಿಯಮವಿತ್ತು. ಗಿಡ ಉಳಿಸಿದವರಿಗೇ ಹಣ ಎಂಬ ಆಲೋಚನೆ ಸರಿಯೇ. ಆದರೂ ನೀರಿಲ್ಲದವನಿಗೆ ನೀರು ಬೇಕಾದ ಹೊತ್ತಿಗೇ ಕಂತು ತಪ್ಪುವ ಈ ಲೆಕ್ಕ ಬಡವನ ಪರವಾಗಿಲ್ಲ.

ಬೇರೆ ದಾರಿ ಇಲ್ಲದಿಲ್ಲ. ಮಣಿಭಾಯಿ ದೇಸಾಯಿಯವರು ಕಟ್ಟಿದ ಬೈಫ್ ಎಂಬ ಗ್ರಾಮೀಣಾಭಿವೃದ್ಧಿ ಸಂಸ್ಥೆ 1982ರಲ್ಲಿ ಗುಜರಾತಿನ ವಾಂಸದಾ ಪ್ರದೇಶದ ಆದಿವಾಸಿ ಕುಟುಂಬಗಳೊಂದಿಗೆ ವಾಡಿ ಎಂಬ ಹೆಸರಿನಲ್ಲಿ ಮನೆಗೊಂದು ಎಕರೆ ತೋಟ ಆರಂಭಿಸಿತು: ನಡುವೆ ಮಾವು, ಗೋಡಂಬಿ, ಸುತ್ತ ಬೇಲಿಗೆ ಕಾಡು ಮರ, ಸಾಲುಗಳ ಮಧ್ಯೆ ಊಟದ ಬೆಳೆ. ಗಿಡ ನೆಟ್ಟು ಹೊರಟುಹೋಗದೆ, ಫಲ ಕೊಡುವವರೆಗೆ ವರ್ಷಗಟ್ಟಲೆ ಜೊತೆಗಿದ್ದು ನಡೆಸಿದ್ದೇ ಅದರ ಹೆಚ್ಚುಗಾರಿಕೆ. ಮುಂದೆ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಅದೇ ಮಾದರಿಯನ್ನು ಆದಿವಾಸಿ ಅಭಿವೃದ್ಧಿ ನಿಧಿಯ ಮೂಲಕ ಹಲವು ರಾಜ್ಯಗಳಿಗೆ ಒಯ್ದಿತು. ಮಹಾರಾಷ್ಟ್ರವೂ 1990ರಲ್ಲಿ ತನ್ನ ಉದ್ಯೋಗ ಖಾತ್ರಿಗೆ ಹಣ್ಣಿನ ತೋಟವನ್ನು ಜೋಡಿಸಿತು. ನಮ್ಮಲ್ಲಿ 2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆಯ, ಮಳೆನೀರು ಹಿಡಿದಿಡುವ ಹೊಂಡಗಳನ್ನು ನೋಡಿದಾಗಲೆಲ್ಲ, ಹೊಂಡ ಮೊದಲು, ಗಿಡ ಆಮೇಲೆ ಎಂಬ ಕ್ರಮದಲ್ಲಿ ಈ ಎರಡೂ ನೆರವುಗಳು ಒಂದೇ ಅರ್ಜಿಯಲ್ಲಿ ಬಂದಿದ್ದರೆ ಚಿಕ್ಕಮ್ಮನ ಮೊಣಕಾಲು ಉಳಿಯುತ್ತಿತ್ತಲ್ಲ ಎನ್ನಿಸುತ್ತದೆ.

ಉಳಿದ ಮರಗಳು ಚೆನ್ನಾಗಿವೆ. 2025ರಲ್ಲಿ ಒಂದೂವರೆ ಟನ್ನಿನಷ್ಟು ಕಾಯಿ ಬಂತು. ಆದರೆ ಅದೇ ವರ್ಷ ತೋತಾಪುರಿ ಬೆಲೆ ಕುಸಿಯಿತು. ತಿರುಳು ತೆಗೆಯುವ ಕಾರ್ಖಾನೆಗಳು ಹೆಚ್ಚಾಗಿರುವ ಆಂಧ್ರದ ಚಿತ್ತೂರು ಜಿಲ್ಲೆಗೆ ನಮ್ಮ ಕಾಯಿ ಬರಬಾರದೆಂದು ಜೂನ್‌ನಲ್ಲಿ ಅಲ್ಲಿನ ಆಡಳಿತ ತಡೆ ಹಾಕಿತು. ಆಮೇಲೆ ಕೇಂದ್ರವೂ ರಾಜ್ಯವೂ ಅರ್ಧರ್ಧ ಭರಿಸಿ 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿದವು. ಚಿಕ್ಕಮ್ಮ ಅಷ್ಟರಲ್ಲಿ ತೋಟದಲ್ಲಿಯೇ ಮಧ್ಯವರ್ತಿಗೆ ಮಾರಿಬಿಟ್ಟಿದ್ದಳು. ಕೈಯಲ್ಲಿ ರಸೀದಿ ಇರಲಿಲ್ಲ, ಹಣವೂ ಸಿಗಲಿಲ್ಲ. ಎಂಟು ವರ್ಷದ ಹಿಂದೆ ಬೇರೆ ತಳಿಗಳನ್ನೂ ಕೇಳಿದವರಿಗೆ ಒಂದೇ ತಳಿ ಕೊಟ್ಟದ್ದರ ಭಾರ ಆಗ ಗೊತ್ತಾಯಿತು.

2025ರ ಡಿಸೆಂಬರ್‌ನಲ್ಲಿ ಉದ್ಯೋಗ ಖಾತ್ರಿಯ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ವರ್ಷಕ್ಕೆ ಸಿಗುವ ಕೆಲಸದ ದಿನಗಳು 100ರಿಂದ 125ಕ್ಕೆ ಏರಿರುವುದು ಒಳ್ಳೆಯದೇ. ಆದರೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅದರಲ್ಲಿ ಅವಕಾಶವಿದೆ. ಬಿತ್ತನೆಯ ಕಾಲವೇ ಗಿಡ ನೆಡುವ ಕಾಲವೂ ಹೌದು. ಜೂನ್, ಜುಲೈನಲ್ಲಿ ಬಿಡುವು ಕೊಟ್ಟರೆ ನಮ್ಮ ಕಡೆ ಸಸಿ ಮತ್ತೆ ಆಗಸ್ಟಿಗೇ ನೆಲ ಸೇರುತ್ತದೆ. ತೋಟದ ಕೆಲಸಕ್ಕಾದರೂ ವಿನಾಯಿತಿ ಬೇಕೆಂದು ನಮ್ಮ ಪಂಚಾಯಿತಿಗೆ ಬರೆದು ಕೊಟ್ಟಿದ್ದೇನೆ.

ಚಿಕ್ಕಮ್ಮ ಖಾಲಿ ಗುಂಡಿಗಳಲ್ಲಿ ನೇರಳೆ, ಹುಣಸೆ ಹಾಕಬೇಕೆಂದಿದ್ದಾಳೆ. ಆದರೆ ಈ ಸಲ ಸಸಿ ಕೇಳಿಲ್ಲ. ಜಮೀನಿನ ತಗ್ಗಿನ ಮೂಲೆಯಲ್ಲಿ ಹೊಂಡಕ್ಕೆ ಅರ್ಜಿ ಕೊಟ್ಟು, ಜಾಗಕ್ಕೆ ಸುಣ್ಣದ ಗೆರೆ ಎಳೆದು ಕಾಯುತ್ತಿದ್ದಾಳೆ.